ಗೋಡೆಯ ತೂತಿನ ನೀರು

ನಮ್ಮ ಕುಡಿಯುವ ನೀರು ಗೋಡೆಯ ತೂತಿನಿಂದ ಬರುತ್ತದೆ.

ಗೋಡೆ ಪ್ರಫುಲ್ಲಕ್ಕನದು. ಉಡುಪಿ ಹತ್ತಿರದ ಶಂಕರಪುರದಲ್ಲಿ ಅವರ ಮನೆಯ ಕಾಂಪೌಂಡಿಗೆ ತಾಗಿ ನಾಲ್ಕು ವರ್ಷದಿಂದ ಒಂದು ಮದುವೆ ಹಾಲ್ ಏಳುತ್ತಿದೆ. ಏಳಿಸುತ್ತಿರುವವರು ನಾವು. ಹಾಲ್‌ನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಇದ್ದೇವೆ. ಕೊಪ್ಪಳದ ಕಡೆಯವರು. ಇಲ್ಲಿಯವರ ಬಾಯಲ್ಲಿ ಘಟ್ಟದವರು. ಕಂತ್ರಾಟುದಾರ ಟ್ಯಾಂಕರಿನಲ್ಲಿ ಕೆಂಪು ನೀರು ತರಿಸುತ್ತಾನೆ. ಅದು ಸ್ಲ್ಯಾಬಿಗೆ. ಸ್ಲ್ಯಾಬಿಗೆ ದಿನವೂ ನೀರು ಕುಡಿಸಬೇಕು. ಸ್ಲ್ಯಾಬು ಒಣಗಿದರೆ ಬಿರುಕು ಬಿಡುತ್ತದೆ. ನಾವು ಒಣಗಿದರೆ ಊರಿನಿಂದ ಬೇರೆಯವರು ಬರುತ್ತಾರೆ.

ಗೋಡೆಯ ಆಚೆ ಬಾವಿ ಇದೆ. ಏಪ್ರಿಲಿನಲ್ಲೂ ಬತ್ತದ ಬಾವಿ. ಅದರ ನೀರು ಕುಡಿದು ಪ್ರಫುಲ್ಲಕ್ಕನ ಮಲ್ಲಿಗೆ ಗಿಡಗಳು ಮೈತುಂಬ ಮೊಗ್ಗು ಬಿಡುತ್ತವೆ. ನಾವು ಗೇಟಿನಿಂದ ಒಳಗೆ ಹೋಗುವಂತಿಲ್ಲ. ಆದರೆ ಪ್ರಫುಲ್ಲಕ್ಕ ಕಲ್ಲು ಮನಸ್ಸಿನವರಲ್ಲ. ಗೋಡೆಗೆ ತೂತು ಕೊರೆಸಿ, ಒಂದು ತುಂಡು ಪ್ಲಾಸ್ಟಿಕ್ ಪೈಪು ಹಾಕಿಸಿದ್ದಾರೆ. ಸಂಜೆ ಹೊತ್ತಿಗೆ ಅವರ ಮನೆಯ ಕೆಲಸದ ಶೀನಣ್ಣ ಒಳಗಿನಿಂದ ಲಾಳಿಕೆ ಇಟ್ಟು ನೀರು ಹೊಯ್ಯುತ್ತಾನೆ. ಹೊರಗೆ ನಾವು ಕೊಡ ಹಿಡಿಯುತ್ತೇವೆ. ಹೊರಗೆ ಕೆಳಕ್ಕೆ ಬಾಗಿದ ಪೈಪಿನ ಬಾಯಿ ಮೊಣಕಾಲಿಗಿಂತ ಕೆಳಗಿದೆ. ಕುಕ್ಕರಗಾಲಿನಲ್ಲಿ ಕೂರಬೇಕು. ಮನೆಗೆ ಎರಡು ಕೊಡ. ಅವರ ಕೈ ನಮಗೆ ಕಾಣುವುದಿಲ್ಲ. ನಮ್ಮ ಮುಖ ಅವರಿಗೆ ಕಾಣುವುದಿಲ್ಲ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಇಷ್ಟು ನಾಜೂಕಾದ ಉಪಾಯ ನಮ್ಮ ಸೈಟಿನ ಇಂಜಿನಿಯರಿಗೂ ಹೊಳೆಯುತ್ತಿರಲಿಲ್ಲ.

ಆಯಿ, ಅಂದರೆ ಅಪ್ಪನ ತಾಯಿ, ಆ ಬಾವಿಯನ್ನು ನೋಡಿಯೇ ಇಲ್ಲ. ಆದರೂ ಅದರ ಕತೆ ಅವಳಿಗೆ ಗೊತ್ತು. ಎಲ್ಲ ಬಾವಿಗಳ ಕತೆಯೂ ಗೊತ್ತು.

"ಬಾವಿ ತಳದಾಗ ಒಬ್ಬಾಕಿ ಮುದುಕಿ ಕುಂತಿರ್ತಾಳವ್ವ. ಬಗ್ಗಿ ನೋಡಿದೋರ ಮುಖಾ ಹಿಡದಿಟ್ಕೊಂತಾಳ. ಬಾಯಾರಿ ಬಂದೋರ ಮುಖಾ ಒಂದೂ ಮರಿಯಂಗಿಲ್ಲ. ಅವರು ಮತ್ತ ಬಂದ್ರ ನೀರನ್ನ ಒಂದು ಮೊಳ ಮ್ಯಾಲ ಕಳಸ್ತಾಳ."

"ಮುಖ ತೋರಿಸದೆ ನೀರು ಕುಡಿಯುವವರಿಗೆ?" ಎಂದು ಕೇಳಿದ್ದೆ.

"ಅಂಥೋರ ಕತಿ ನನಗ ಗೊತ್ತಿಲ್ಲ. ನಮ್ಮೂರಾಗ ತೂತಿನ ಬಾವಿ ಇರಲಿಲ್ಲ."

ಅಂದಿನಿಂದ ನನಗೆ ಒಂದೇ ಆಸೆ. ಆ ಬಾವಿಗೆ ಬಗ್ಗಿ ಮುಖ ತೋರಿಸಬೇಕು. ಅವ್ವ ಕುಕ್ಕರಗಾಲಿನಿಂದ ಏಳಬೇಕು. ಗೇಟಿನಿಂದ ಹೋಗಿ, ನಿಂತು, ನೀರು ಸೇದಬೇಕು. ತಲೆಯ ಮೇಲೆ ಕಾಂಕ್ರೀಟಿನ ಬಾಂಡಲಿ ಹೊತ್ತು ಏಣಿ ಹತ್ತುವಾಗಲೂ ನಾನು ಅದನ್ನೇ ಕಾಣುತ್ತಿದ್ದೆ. "ಕನಸು ಕಾಣೋದಾದ್ರ ಕೆಳಗ ನಿಂತು ಕಾಣು, ಬಿದ್ದು ಸತ್ತೀ" ಎಂದು ಅವ್ವ ಬೈಯುತ್ತಿದ್ದಳು.

ಬಾಂಡಲಿ ಹೊರುವುದು ರಜಾ ದಿನಗಳಲ್ಲಿ. ಉಳಿದ ದಿನ ಉಡುಪಿಯ ಕಾಲೇಜಿಗೆ ಹೋಗುತ್ತೇನೆ. ನಾನು ಬಿ.ಎ. ಓದುತ್ತಿದ್ದೇನೆ. ಕಾಲೇಜಿನಲ್ಲಿ ನನ್ನ ಹೆಸರು ವಿಜೇತಾ. ಶೆಡ್ಡಿನಲ್ಲಿ ಹುಲಿಗೆವ್ವ. ಈ ಸೈಟಿಗೆ ಬರುವ ಮೊದಲೇ, ಚಿಕ್ಕವಳಿದ್ದಾಗ, ಈ ಜಿಲ್ಲೆಯ ಬೇರೆ ಊರಿನ ಶಾಲೆಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದಾಗ ಸ್ವರ್ಣಲತಾ ಟೀಚರ್ ನಕ್ಕಿದ್ದರು. "ಎಂತ ಹೆಸರು ಇದು ಮಾರಾಯ. ಮಕ್ಕಳು ಹೆದರಿಕೊಳ್ತಾರೆ." ಅವರೇ ಒಳ್ಳೆಯ ಮನಸ್ಸಿನಿಂದ ವಿಜೇತಾ ಎಂದು ಬರೆದುಕೊಂಡರು. ನಾನು ಏನನ್ನು ಗೆದ್ದೆ ಎಂದು ಅಪ್ಪ ಕೇಳಲಿಲ್ಲ. ಶಾಲೆಯಲ್ಲಿ ಇಲ್ಲಿಯ ಮಾತೂ ನಾಲಗೆಗೆ ಬಂತು. ಎಂತ, ಉಂಟು, ಅಲ್ವಾ. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಆ ಮಾತನ್ನೂ ಬಿಡುತ್ತೇನೆ.

ಒಂದು ದಿನ ಕಾಲೇಜಿನ ಗ್ರೂಪಿಗೆ ಒಂದು ಸಂದೇಶ ಬಂತು. "ವಲಸೆ ಬಂಧುಗಳ ಸೇವೆಗೆ ಸ್ವಯಂಸೇವಕರು ಬೇಕಾಗಿದ್ದಾರೆ. ಟೀ ಶರ್ಟ್, ಊಟ, ಪ್ರಮಾಣಪತ್ರ ಇದೆ." ನನಗಿಂತ ಈ ಕೆಲಸ ಗೊತ್ತಿರುವವರು ಯಾರು ಎಂದುಕೊಂಡೆ. ಅವರಿಗೆ ನಮ್ಮ ಕಷ್ಟ ಗೊತ್ತಿಲ್ಲ, ಹೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಗೇಟು ತೆರೆಯುತ್ತದೆ. ಆಯಿಯ ಕತೆಗಳಲ್ಲಿ ಹಾಗೆಯೇ ಆಗುತ್ತದೆ.

ಮಣಿಪಾಲದ ಒಂದು ತಂಪು ಸಭಾಂಗಣದಲ್ಲಿ ತರಬೇತಿ. ಎಲ್ಲರಿಗೂ ನೀಲಿ ಟೀ ಶರ್ಟ್ ಕೊಟ್ಟರು. ಎದೆಯ ಮೇಲೆ "ನಿಮ್ಮೊಂದಿಗೆ ನಾವು" ಎಂದಿತ್ತು. ಈ ಸೇವೆ ನಡೆಸುವ ಬಳಗದ ಅಧ್ಯಕ್ಷರು ಬಂದು ದೀಪ ಹಚ್ಚಿದರು. ನೋಡಿದರೆ ಪ್ರಫುಲ್ಲಕ್ಕ. ಅವರನ್ನು ನಾನು ಕಾರಿನ ಗಾಜಿನ ಆಚೆ ನೋಡಿದ್ದೆ. ಅವರು ನನ್ನನ್ನು ಎಲ್ಲೂ ನೋಡಿರಲಿಲ್ಲ. ನಾಲ್ಕು ವರ್ಷದಿಂದ ಅವರು ನೀರು ಕೊಟ್ಟದ್ದು ಕೊಡಗಳಿಗೆ.

"ನಿನಗೆ ಯಾವ ಊರು?" ಎಂದು ಕೇಳಿದರು.

"ಶಂಕರಪುರ."

"ಹೌದಾ? ನಮ್ಮ ಊರಿನ ಹುಡುಗಿಯೇ. ಯಾರ ಮನೆ?"

"ನಿಮ್ಮ ಮನೆಯ ಹಿಂದೆಯೇ."

"ಹಿಂದೆ ಅಂದರೆ ಮೌರಿಸ್‌ರವರ ಬಾಡಿಗೆ ಮನೆಯಾ? ಅಲ್ಲಿ ಒಳ್ಳೆಯ ಜನ ಇರ್ತಾರೆ." ಅವರೇ ಕೇಳಿ ಅವರೇ ಉತ್ತರ ಕೊಟ್ಟುಕೊಂಡರು. ಅವರ ಲೆಕ್ಕದಲ್ಲಿ ಮೌರಿಸ್ ಮನೆಗೂ ಅವರ ಮನೆಗೂ ನಡುವೆ ಯಾರೂ ಇರಲಿಲ್ಲ.

ತರಬೇತಿ ಕೊಟ್ಟವನು ಪ್ರಖ್ಯಾತ್. ಗಡ್ಡ ಬಿಟ್ಟ, ಮೆಲ್ಲಗೆ ಮಾತನಾಡುವ ಹುಡುಗ. "ವಲಸೆ ಬಂಧುಗಳ ಜೊತೆ ಮಾತನಾಡುವಾಗ ಅವರ ಕಣ್ಣಿನ ಮಟ್ಟಕ್ಕೆ ಬಗ್ಗಬೇಕು" ಎಂದ. ಪೈಪಿನ ಮುಂದೆ ಕೂತ ಅವ್ವನ ಕಣ್ಣಿನ ಮಟ್ಟ ನೆನಪಾಯಿತು. ಇವನಿಗೆ ಸೊಂಟ ಹಿಡಿಯುತ್ತದೆ ಎಂದುಕೊಂಡೆ. "ಅವರ ಎದುರು ನೀರಿನ ಬಾಟಲಿ ತೆಗೆದು ಕುಡಿಯಬೇಡಿ. ಅವರಿಗೆ ಬೇಸರ ಆಗಬಹುದು" ಎಂದು ಹೇಳಿ, ಬಾಟಲಿ ತೆಗೆದು ಕುಡಿದ.

ಆಮೇಲೆ ಸಣ್ಣ ನಾಟಕ. "ಯಾರಾದರೂ ವಲಸೆ ಮಹಿಳೆ ಆಗ್ತೀರಾ?"

ನಾನು ಕೈ ಎತ್ತಿದೆ. ಮಣಿಪಾಲದಲ್ಲಿ ಓದುವ ಮೋಕ್ಷಾ ಎಂಬ ಹುಡುಗಿ ಸ್ವಯಂಸೇವಕಿ ಆದಳು. ನನ್ನ ಮುಂದೆ ಬಗ್ಗಿ ಕೇಳಿದಳು. "ಅಮ್ಮಾ, ನಿಮಗೆ ಎಂತ ಕಷ್ಟ ಉಂಟು?"

"ಕುಡಿಯುವ ನೀರು ಸಾಲುವುದಿಲ್ಲ. ಪಕ್ಕದ ಬಾವಿಯಲ್ಲಿ ನೀರು ಉಂಟು. ಸೇದಿಕೊಳ್ಳಲು ಬಿಡುವುದಿಲ್ಲ."

ಪ್ರಖ್ಯಾತ್ ಕೈ ತೋರಿಸಿ ನಿಲ್ಲಿಸಿದ. "ವಿಜೇತಾ, ಸ್ವಲ್ಪ ನೈಜವಾಗಿ ಮಾಡು. ಅವರು ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. ತಮಗೆ ಎಂತ ಬೇಕೆಂದು ಅವರಿಗೆ ಗೊತ್ತಿರುವುದಿಲ್ಲ. ಅದನ್ನು ನಾವು ಕಂಡುಹಿಡಿಯಬೇಕು. ಮೋಕ್ಷಾ, ನೀನು ಮಾಡಿ ತೋರಿಸು."

ಮೋಕ್ಷಾ ಶಾಲನ್ನು ತಲೆಯ ಮೇಲೆ ಹೊದ್ದಳು. ನೆಲದಲ್ಲಿ ಕುಸಿದಳು. ನಡುಗಿದಳು. ಏನು ಕೇಳಿದರೂ ಅತ್ತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಚೆನ್ನಾಗಿಯೇ ಮಾಡಿದಳು. ನಮ್ಮ ಶೆಡ್ಡಿನಲ್ಲಿ ಅಷ್ಟು ಚೆನ್ನಾಗಿ ಅಳಲು ಯಾರಿಗೂ ಬರುವುದಿಲ್ಲ. ನನ್ನ ಪಕ್ಕ ಬಂದು ಕೂತಾಗ ಅವಳು ನನ್ನ ಬೆರಳು ನೋಡಿದಳು. ಸಿಮೆಂಟು ತಿಂದು ಒಡೆದ ಬೆರಳು. "ಅಯ್ಯೋ, ಅಲರ್ಜಿಯಾ? ನನ್ನ ಹತ್ತಿರ ಕ್ರೀಮ್ ಉಂಟು" ಎಂದಳು. ಕ್ರೀಮಿನಿಂದ ಮಲ್ಲಿಗೆಯ ವಾಸನೆ ಬರುತ್ತಿತ್ತು.

ಬಳಗದ ಮೊದಲ ಕಾರ್ಯಕ್ರಮ ಮುಂದಿನ ಭಾನುವಾರ ಎಂದಾಯಿತು. ಕೈ ತೊಳೆಯುವ ಬಗ್ಗೆ ತಿಳಿವಳಿಕೆ. ಸ್ಥಳ ಯಾವುದು ಎಂದರೆ ನಮ್ಮ ಶೆಡ್ಡು. ಕಾರಣ, ಅಧ್ಯಕ್ಷರ ಮನೆಗೆ ಹತ್ತಿರ.

ಶನಿವಾರ ಮಧ್ಯಾಹ್ನ ಹಂಚುವ ಸಾಬೂನುಗಳನ್ನು ಪೊಟ್ಟಣ ಕಟ್ಟಲು ನಾವೆಲ್ಲ ಪ್ರಫುಲ್ಲಕ್ಕನ ಮನೆಗೆ ಹೋದೆವು. ಗೇಟು ತೆರೆದೇ ಇತ್ತು. ಟೀ ಶರ್ಟಿಗೆ ತೆರೆದಿತ್ತು. ನಾನು ಅದರ ಒಳಗಿದ್ದೆ.

"ವಿಜೇತಾ, ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ತಾ ಆಯ್ತಾ. ಪುನರ್ಪುಳಿ ಶರಬತ್ತು ಮಾಡುವ. ಫ್ರಿಜ್ಜಿನ ನೀರಿಗಿಂತ ಬಾವಿಯ ನೀರು ತಂಪು."

ಬಾವಿಕಟ್ಟೆಗೆ ಹೋದೆ. ಪಕ್ಕದಲ್ಲಿ ಅರಿಶಿನ ಬಳಿದ ನಾಗನ ಕಲ್ಲು. ರಾಟೆಗೆ ಹಗ್ಗ. ಬಗ್ಗಿ ನೋಡಿದೆ. ಕೆಳಗೆ ಒಂದು ಮುಖ ಇತ್ತು. ನೀಲಿ ಅಂಗಿ ಹಾಕಿಕೊಂಡ ಮುಖ. ನೀರು ಮೇಲೆ ಬಂದಿತೋ ಇಲ್ಲವೋ ತಿಳಿಯದು. ನನಗೆ ಬಂದಂತೆ ಕಂಡಿತು. ಕೊಡಪಾನ ಇಳಿಸಿ, ತುಂಬಿಸಿ, ಎಳೆದೆ.

ಶೀನಣ್ಣ ಹಿಂದೆ ಬಂದು ನಿಂತಿದ್ದ. ನನ್ನ ಮುಖ ಅವನೂ ನೋಡಿರಲಿಲ್ಲ. ಧ್ವನಿ ಕೇಳಿದ್ದ. "ಇನ್ನೊಂದು ಸ್ವಲ್ಪ ಹೊಯ್ಯಿ ಶೀನಣ್ಣ" ಎಂದು ಗೋಡೆಯ ಆಚೆಯಿಂದ ದಿನವೂ ಗೋಗರೆಯುವ ಧ್ವನಿ. "ದಾರಿ ಬಿಡು ಶೀನಣ್ಣ" ಎಂದು ಈಗಲೂ ಬಾಯಿಗೆ ಬಂದುಬಿಟ್ಟಿತು. ಅವನು ಕಣ್ಣು ಕಿರಿದು ಮಾಡಿದ. ಅತ್ತಿತ್ತ ನೋಡಿದ.

"ನಾನು ಎಂತ ಕೂಡ ನೋಡಲಿಲ್ಲ" ಎಂದ. ಅಡುಗೆಮನೆಯ ಕಿಟಕಿಯ ಮೇಲೆ ಕವಚಿಟ್ಟಿದ್ದ ಒಂದು ಲೋಟ ತೆಗೆದುಕೊಂಡು ಚಹಾಕ್ಕೆ ನಡೆದ. ಅದು ಅವನೊಬ್ಬನದೇ ಲೋಟ.

ಶರಬತ್ತು ಎಲ್ಲರೂ ಕುಡಿದರು. ಪ್ರಫುಲ್ಲಕ್ಕ ಎರಡನೆಯ ಸಲ ಹಾಕಿಸಿಕೊಂಡರು. "ಇವಳ ಕೈಗುಣ ನೋಡಿ" ಎಂದರು.

ಸಂಜೆಯಾಯಿತು. ಗೋಡೆಯ ಆಚೆ ಕೊಡಗಳ ಸದ್ದು. ಪ್ರಫುಲ್ಲಕ್ಕನಿಗೆ ಒಂದು ಒಳ್ಳೆಯ ಯೋಚನೆ ಬಂತು. "ಇವತ್ತು ನೀರು ಸ್ವಯಂಸೇವಕರೇ ಹೊಯ್ಯಲಿ. ಸೇವೆಯ ಅನುಭವ ಆಗ್ತದೆ. ವಿಜೇತಾ, ನೀನು ಶುರು ಮಾಡು. ಮೋಕ್ಷಾ, ವಿಡಿಯೋ ತೆಗಿ."

ಲಾಳಿಕೆಯ ಹತ್ತಿರ ನಿಂತೆ. ಒಳಗಿನಿಂದ ನೋಡಿದರೆ ತೂತು ಸೊಂಟದ ಎತ್ತರದಲ್ಲಿದೆ. ಈ ಕಡೆಯವರು ಬಗ್ಗಬೇಕಾಗಿಲ್ಲ. ನೀರು ಹೊಯ್ದೆ. ಆಚೆ ಯಾರೋ ಕೆಮ್ಮಿದರು. ಸಿಮೆಂಟಿನ ದೂಳಿನ ಕೆಮ್ಮು. ಅವ್ವ. ಕೊಡ ತುಂಬಿತು. ಇನ್ನೊಂದು ತುಂಬಿತು. ನಾನು ಹೊಯ್ಯುತ್ತಲೇ ಇದ್ದೆ. "ಇವತ್ತ ಶೀನಣ್ಣಗ ಏನಾಗೇತಿ, ಹೊಯ್ಯಾಕತ್ತಾನ ಹೊಯ್ಯಾಕತ್ತಾನ" ಎಂದು ಅವ್ವ ಯಾರಿಗೋ ಹೇಳುವುದು ಕೇಳಿಸಿತು.

"ಸಾಕು ಮಾರಾಯ್ತಿ. ಎರಡೇ ಕೊಡ. ಹೆಚ್ಚು ಕೊಟ್ಟರೆ ಅಭ್ಯಾಸ ಆಗ್ತದೆ."

"ಪ್ರಫುಲ್ಲಕ್ಕ, ಅವರೇ ಒಳಗೆ ಬಂದು ಸೇದಿಕೊಂಡರೆ ಆಗುವುದಿಲ್ಲವಾ?"

"ನನಗೆ ಅಂಥದ್ದೆಲ್ಲ ಎಂತ ಇಲ್ಲ. ನಾನು ಜಾತಿ ಕೇಳುವವಳೂ ಅಲ್ಲ. ಆದರೆ ನಾಗನಿಗೆ ಇದೇ ಬಾವಿಯ ನೀರು. ನಮ್ಮ ಅತ್ತೆಗೆ ಸಮಾಧಾನ ಇರುವುದಿಲ್ಲ." ಅತ್ತೆ ಒಳಗೆ ಕೂತು, ನಾನು ಸೇದಿದ ನೀರಿನ ಶರಬತ್ತು ಕುಡಿದು, ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆಯುತ್ತಿದ್ದರು. ಬಹಳ ಸಮಾಧಾನವಾಗಿದ್ದರು.

ಭಾನುವಾರ ನೀಲಿ ಟೀ ಶರ್ಟುಗಳು ಶೆಡ್ಡಿಗೆ ಬಂದವು. ಮುಂಜಾನೆಯೇ ಎದ್ದು ಸುತ್ತು ಹಾಕಿ, ನಾನೂ ಅವರ ಜೊತೆ ಹೊರಗಿನಿಂದಲೇ ಬಂದೆ. ನಮ್ಮವರು ತಗಡಿನ ನೆರಳಲ್ಲಿ ಸಾಲಾಗಿ ಕೂತಿದ್ದರು. ಪ್ರಖ್ಯಾತ್ ಬಗ್ಗಿದ. ಎರಡು ಅಂಗೈ ಹೇಗೆ ಉಜ್ಜಬೇಕು, ಬೆರಳ ಸಂದು, ಉಗುರು, ಎಲ್ಲ ಹೇಳಿದ. ಗಾಳಿಯಲ್ಲೇ ಕೈ ತೊಳೆದು ತೋರಿಸಿದ. ನಮ್ಮವರೂ ಗಾಳಿಯಲ್ಲಿ ತೊಳೆದರು. ಚೆನ್ನಾಗಿ ತೊಳೆದರು. ಮೋಕ್ಷಾ ವಿಡಿಯೋ ಮಾಡಿದಳು.

ಆಯಿ ಸಾಬೂನು ಮೂಸಿ ನೋಡಿದಳು. "ಘಮಾ ಅನ್ನತೈತಿ. ನೀರು ಎಲ್ಲೈತಪ್ಪಾ?"

"ಅಜ್ಜಿ, ಅದು ಮುಂದಿನ ಹಂತ" ಎಂದ ಪ್ರಖ್ಯಾತ್.

ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಸಾಲಿನ ಕೊನೆಯಲ್ಲಿದ್ದ ನನ್ನನ್ನು ನೋಡಿದಳು. "ಹುಲಿಗೆವ್ವಾ, ಇದೇನಬೇ ಅಂಗಿ? ಮುಂಜಾನೆಯಿಂದ ಹುಡುಕಾಕತ್ತೀನಿ. ಬಾ, ಕುಂದ್ರು. ನಿಂದೂ ಒಂದು ಸಾಬೂನು ತಗೋ."

ಪ್ರಫುಲ್ಲಕ್ಕ ಆಯಿಯನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಕೈಯನ್ನು ನೋಡಿದರು.

"ನೀನು ಮೌರಿಸ್‌ನವರ ಬಾಡಿಗೆ ಮನೆ ಅಲ್ವಾ?"

"ಅಲ್ಲ. ಈ ಶೆಡ್ಡು. ಇವಳು ನನ್ನ ಆಯಿ. ನಿನ್ನೆ ನೀರು ಹಿಡಿದವಳು ನನ್ನ ಅವ್ವ."

ಅವರು ಬೈಯಲಿಲ್ಲ. ಒಳ್ಳೆಯ ಮನೆತನದವರು. "ನಿನ್ನೆ ಬಾವಿ..." ಎಂದರು. ಹೊಟ್ಟೆಯ ಒಳಗಿದ್ದ ಶರಬತ್ತಿಗೆ ಏನು ಮಾಡುವುದು ಎಂದು ಹೊಳೆಯದವರಂತೆ ಕಾರು ಹತ್ತಿದರು.

ಪ್ರಖ್ಯಾತ್ ನನ್ನನ್ನು ಬದಿಗೆ ಕರೆದ. ಮೆಲ್ಲಗೆ, ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತನಾಡಿದ. "ನೀನು ಮೊದಲೇ ಹೇಳಬೇಕಿತ್ತು. ನಿನ್ನನ್ನು ಫಲಾನುಭವಿಗಳ ಕಡೆ ಹಾಕುವ. ನಿನಗೇ ಒಳ್ಳೆಯದು. ಟೀ ಶರ್ಟ್ ಮಾತ್ರ ವಾಪಸು ಬೇಕು. ಒಗೆದು ಕೊಡು."

"ಯಾವ ನೀರಿನಲ್ಲಿ ಒಗೆಯಲಿ?"

ಅವನು ಫೋನು ನೋಡಿಕೊಂಡ.

ಮರುದಿನ ಬೆಳಿಗ್ಗೆ ಪಂಪಿನ ಸದ್ದಿಗೆ ಎದ್ದೆವು. ಪ್ರಫುಲ್ಲಕ್ಕನ ಬಾವಿಯನ್ನು ಖಾಲಿ ಮಾಡುತ್ತಿದ್ದರು. ನೀರು ಗೇಟಿನ ಬುಡದ ಚರಂಡಿಯಿಂದ ರಸ್ತೆಗೆ ಹರಿದು ಬರುತ್ತಿತ್ತು. ಕೊಳವೆ ತುಂಬ. ತಂಪು ನೀರು. ನಾಲ್ಕು ವರ್ಷದಲ್ಲಿ ಅಷ್ಟು ನೀರು ನಾವು ಕಂಡಿರಲಿಲ್ಲ. ಕೊಡ, ಡ್ರಮ್ಮು, ಬಾಂಡಲಿ, ಎಲ್ಲ ತಂದೆವು. ಮಕ್ಕಳು ಚರಂಡಿಯ ಬಾಯಿಯಲ್ಲಿ ಮಿಂದರು. ಪ್ರಖ್ಯಾತ್ ಕೊಟ್ಟ ಸಾಬೂನು ಅಂದು ಕೆಲಸಕ್ಕೆ ಬಂತು. ಆಯಿ ತಲೆ ಸ್ನಾನ ಮಾಡಿ ಬಿಸಿಲಿಗೆ ಕೂತಳು.

"ನೀ ಮುಟ್ಟಿದ್ದಕ್ಕ ಇಷ್ಟು ನೀರು ಬಿಡ್ತಾರಂದ್ರ" ಎಂದಳು ಅವ್ವ, ಸೀರೆ ಹಿಂಡುತ್ತಾ, "ಬಂದ ವರ್ಷನ ಮುಟ್ಟಿದ್ರ ಏನಾಗ್ತಿತ್ತಬೇ ನಿನಗ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ನೀರಿನಲ್ಲಿ ನನ್ನ ಮುಖ ಇತ್ತು. ಬಾವಿಯ ಮುದುಕಿ ಹಿಡಿದಿಟ್ಟುಕೊಂಡ ಮುಖ. ಅದನ್ನು ಅವರು ಪಂಪು ಹಚ್ಚಿ ಚರಂಡಿಗೆ ಬಿಡುತ್ತಿದ್ದರು.

ಮಧ್ಯಾಹ್ನ ಪಂಪು ನಿಂತಿತು. ಶೀನಣ್ಣ ಶೆಡ್ಡಿಗೆ ಬಂದ. ಯಾರ ಮುಖವನ್ನೂ ನೋಡದೆ, ಅಪ್ಪನ ಹತ್ತಿರ ಹೇಳಿದ. "ತಳದಲ್ಲಿ ಕೆಸರು ಉಂಟು. ಪಂಪು ಎಳೆಯುವುದಿಲ್ಲ. ಇಳಿದು ತೆಗೆಯಬೇಕು. ನಾಳೆ ಭಟ್ರು ಶುದ್ಧಕ್ಕೆ ಬರ್ತಾರೆ. ಹೋದ ವರ್ಷ ನೀನೇ ತೆಗೆದದ್ದು ಅಲ್ವಾ? ಅಕ್ಕ ಡಬಲ್ ಕೂಲಿ ಕೊಡ್ತೇನೆ ಅಂದಿದ್ದಾರೆ."

ಹೌದು. ಕಳೆದ ಬೇಸಿಗೆಯಲ್ಲಿ ಅಪ್ಪ ಅದೇ ಬಾವಿಗೆ ಇಳಿದಿದ್ದ. ಹಿಂದಿನ ಬಾಗಿಲಿನಿಂದ ಕರೆದೊಯ್ದಿದ್ದರು. ಸೊಂಟದವರೆಗೆ ಕೆಸರಿನಲ್ಲಿ ನಿಂತು, ಬುಟ್ಟಿ ತುಂಬಿ ಮೇಲೆ ಕಳಿಸಿದ್ದ. ಒಂದು ಕಲ್ಲು ಜಾರಿ ಹೆಗಲಿಗೆ ಬಿದ್ದಿತ್ತು. ಆ ಹೆಗಲು ಇಂದಿಗೂ ಪೂರ್ತಿ ಮೇಲೇಳುವುದಿಲ್ಲ. ಅಪ್ಪನ ಬೆವರು, ಉಗುಳು, ರಕ್ತ ಎಲ್ಲ ಆ ಬಾವಿಯಲ್ಲೇ ಬಿದ್ದಿತ್ತು. ಅದರ ಮೇಲೆ ಹೊಸ ನೀರು ಬಂತು. ಎಲ್ಲರೂ ಕುಡಿದರು. ಅದು ಕೆಲಸ. ಕೆಲಸಕ್ಕೆ ಮೈಲಿಗೆ ಇಲ್ಲ. ನಾನು ಹಗ್ಗ ಮುಟ್ಟಿದ್ದು ಕೆಲಸ ಅಲ್ಲ, ಸೇವೆ.

ಅಪ್ಪ ಅಭ್ಯಾಸಬಲದಿಂದ ಎದ್ದ. ಮೂಲೆಯಲ್ಲಿದ್ದ ದಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಎಪ್ಪಾ, ನಾ ಹಗ್ಗ ಮುಟ್ಟಿದ್ದಕ್ಕ ಬಾವಿ ತೊಳಸಾಕತ್ತಾರ. ಅದನ್ನ ತೊಳಿಯಾಕ ನಿನ್ನ ಕರಿಯಾಕತ್ತಾರ. ನೀ ಇಳದು ಬಂದ ಮ್ಯಾಲ ಯಾರನ್ನ ಕರಸ್ತಾರ?"

ಅಪ್ಪ ನಿಧಾನಸ್ಥ. ಮಾತು ಒಳಗೆ ಇಳಿಯಲು ಸಮಯ ಬೇಕು. ಆಮೇಲೆ ಹಗ್ಗವನ್ನು ಹೆಗಲಿನಿಂದ ತೆಗೆದು ಕೆಳಗಿಟ್ಟ. ಅದರ ಮೇಲೆಯೇ ಕೂತ.

"ಇಳಿಯಂಗಿಲ್ಲ ಶೀನಣ್ಣ."

ಶೀನಣ್ಣ ಪಕ್ಕದ ಶೆಡ್ಡಿಗೆ ಹೋದ. ಅವರೂ ಇಳಿಯುವುದಿಲ್ಲ ಎಂದರು. ಕೊನೆಯ ಶೆಡ್ಡಿನವರೆಗೂ ಹೋದ. ಬಂದು ಬೀಡಿ ಹಚ್ಚಿದ. ಪರವಾಗಿಲ್ಲ ಎನ್ನುವಂತೆ ಇತ್ತು ಅವನ ಮುಖ.

ಸ್ವಲ್ಪ ಹೊತ್ತಿಗೆ ಪ್ರಫುಲ್ಲಕ್ಕನೇ ಬಂದರು. ಸೀರೆಯ ನೆರಿಗೆಯನ್ನು ಎತ್ತಿ ಹಿಡಿದಿದ್ದರು. "ನಾಲ್ಕು ವರ್ಷ ನೀರು ಕೊಟ್ಟಿದ್ದೇನೆ. ಒಂದು ದಿನ ತಪ್ಪಿಸಲಿಲ್ಲ. ಇವತ್ತು ನಮ್ಮ ಮನೆಯಲ್ಲಿ ಒಂದು ತೊಟ್ಟು ನೀರಿಲ್ಲ. ನಿಮಗೆ ಮನುಷ್ಯತ್ವ ಬೇಡವಾ?"

"ಇಳಿಯುತ್ತೇವೆ" ಎಂದೆ ನಾನು. "ಒಂದು ಮಾತು. ಇನ್ನು ಮುಂದೆ ನಾವು ಗೇಟಿನಿಂದ ಬರುತ್ತೇವೆ. ನಮ್ಮ ನೀರು ನಾವೇ ಸೇದಿಕೊಳ್ಳುತ್ತೇವೆ."

"ನೀವೇ ಸೇದುವುದಾದರೆ ಈಗ ಶುದ್ಧ ಮಾಡುವುದು ಎಂತಕ್ಕೆ?"

ಬಿಸಿಲಿನಲ್ಲಿ ಕೂದಲು ಒಣಗಿಸುತ್ತಿದ್ದ ಆಯಿ ತಲೆ ಎತ್ತಿದಳು. "ಅದನ್ನ ನಾವೂ ಕೇಳಾಕತ್ತೀವಿ ಅಮ್ಮಾರ."

ಪ್ರಫುಲ್ಲಕ್ಕ ಶೀನಣ್ಣನ ಕಡೆ ತಿರುಗಿದರು. "ಶೀನ, ನೀನೇ ಇಳಿ."

"ನನಗೆ ಸೊಂಟ ನೋವು ಅಕ್ಕ."

"ಯಾವಾಗಿನಿಂದ?"

"ಈಗಿನಿಂದ."

ಅವರು ಹೋದರು. ಸಂಜೆ ಗೋಡೆಯ ತೂತಿಗೆ ಸಿಮೆಂಟು ಮೆತ್ತಿಸಿದರು. ಸಿಮೆಂಟು ಕಲಸಲು ಕಾರ್ಕಳದಿಂದ ಜನ ತರಿಸಿದರಂತೆ. ಬಾವಿಗೆ ಇಳಿಯಲು ಮಾತ್ರ ಅವರೂ ಒಪ್ಪಲಿಲ್ಲವಂತೆ.

ಈಗ ನಾವು ಗದ್ದೆ ದಾಟಿ, ಏರಿ ಹತ್ತಿ, ಮೌರಿಸ್‌ರವರ ತೋಟದ ಬಾವಿಗೆ ಹೋಗುತ್ತೇವೆ. ದೂರ. ತುಂಬಿದ ಕೊಡ ಸೊಂಟದ ಮೂಳೆಯನ್ನು ಕೊರೆಯುತ್ತದೆ. ಅವ್ವ ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾಳೆ. ಮೌರಿಸ್‌ರವರು ಪುಣ್ಯಾತ್ಮರೇನೂ ಅಲ್ಲ. "ನನ್ನ ಹಗ್ಗ ಸವೆಯುತ್ತದೆ, ನಿಮ್ಮದು ತನ್ನಿ" ಎಂ​ದರು. ಅಪ್ಪನ ಹಗ್ಗ ತಂದೆವು. ಬಾವಿಗೆ ಇಳಿಯುವ ಹಗ್ಗ. ಅದರಲ್ಲೇ ಸೇದುತ್ತೇವೆ. ನಿಂತು ಸೇದುತ್ತೇವೆ. ಮೊದಲ ದಿನ ಅವ್ವ ಬಾವಿಗೆ ಬಗ್ಗಿ ಬಹಳ ಹೊತ್ತು ನೋಡುತ್ತಿದ್ದಳು. "ಏನವ್ವಾ?" ಎಂದೆ. "ಏನಿಲ್ಲ. ಮುದುಕಿ ಅದಾಳೇನ ಅಂತ" ಎಂದಳು. ಆಮೇಲೆ ಮತ್ತೆ ಬೈಯಲು ಶುರು ಮಾಡಿದಳು.

ಪ್ರಫುಲ್ಲಕ್ಕನ ಬಾವಿಗೆ ಇನ್ನೂ ಯಾರೂ ಇಳಿದಿಲ್ಲ. ಕೆಸರು ಹಾಗೆಯೇ ಇದೆ. ಭಟ್ರು ಬಂದು ನೋಡಿ, ಕೆಸರು ತೆಗೆಸಿ ಆಮೇಲೆ ಕರೆಯಿರಿ ಎಂದು ಹೋದರಂತೆ. ಮತ್ತೆ ಒಸರಿದ ನೀರನ್ನು ಶುದ್ಧವಾಗುವವರೆಗೆ ಗಿಡಕ್ಕೂ ಹೊಯ್ಯುವಂತಿಲ್ಲವಂತೆ. ಮಲ್ಲಿಗೆ ಗಿಡಗಳು ಬಾಡುತ್ತಿವೆ. ಮನೆಗೆ ಟ್ಯಾಂಕರ್ ಬರುತ್ತದೆ. ಕೆಂಪು ನೀರು. ನಮ್ಮ ಸ್ಲ್ಯಾಬು ಕುಡಿಯುವುದೂ ಅದನ್ನೇ.

ಬಳಗದ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆಯಲು ಅವರು ಮರೆತಿದ್ದಾರೆ. ನಿನ್ನೆ ಬಸ್ಸಿನಲ್ಲಿ ಕೂತು ಒಂದು ಸಂದೇಶ ಹಾಕಿದೆ.

"ಬಾವಿಗೆ ಇಳಿಯಲು ಸ್ವಯಂಸೇವಕರು ಬೇಕಾಗಿದ್ದಾರೆ. ಸ್ಥಳ, ಅಧ್ಯಕ್ಷರ ಮನೆ. ಕೆಸರು ಸೊಂಟದವರೆಗೆ ಇದೆ. ಟೀ ಶರ್ಟ್ ಹಾಕಿಕೊಂಡು ಬನ್ನಿ."

ಮೋಕ್ಷಾ ಮುಗಿದ ಕೈಗಳ ಚಿತ್ರ ಹಾಕಿದಳು. ಪ್ರಖ್ಯಾತ್ "ಒಳ್ಳೆಯ ಉಪಕ್ರಮ, ಎಲ್ಲರೂ ಭಾಗವಹಿಸಿ" ಎಂದು ಬರೆದ. ಉಳಿದವರೆಲ್ಲ ಓದಿದರು. ಓದಿದ ಗುರುತು ಬಿತ್ತು. ಯಾರೂ ಬರುತ್ತೇನೆ ಎನ್ನಲಿಲ್ಲ.

ಬಸ್ಸು ಕಟಪಾಡಿ ದಾಟಿತು. ನಾನು ಇನ್ನೊಂದು ಸಾಲು ಸೇರಿಸಿದೆ.

"ಕೈ ತೊಳೆಯಲು ಸಾಬೂನು ನಮ್ಮಲ್ಲಿ ಉಂಟು."